ಹಿತ್ತಾಳೆಯ ಗುರಿಮೊನೆ

ಸರ್ಕಸ್ಸಿನವರು ಅವಳಿಗೆ ಇಟ್ಟ ಹೆಸರು ಗುರಿಗಾತಿ. ಡೇರೆ ಬಿಟ್ಟು ಬಂದು ಅರ್ಧ ಆಯುಷ್ಯವೇ ಕಳೆದಿದ್ದರೂ ಆ ಹೆಸರು ಮಾತ್ರ ಅವಳ ಬೆನ್ನು ಬಿಟ್ಟಿರಲಿಲ್ಲ. ಬೀದಿಯ ಮಕ್ಕಳಿಗೂ ಅವಳು ಗುರಿಗಾತಿ ಅಜ್ಜಿಯೇ. ಯಾರಾದರೂ ಹಾಗೆ ಕರೆದರೆ ನಗುತ್ತಲೇ ಓಗೊಡುತ್ತಿದ್ದಳು, ಆದರೆ ಒಳಗೆಲ್ಲೋ ಚುರುಕ್ ಎನ್ನುತ್ತಿತ್ತು. ಅವಳ ಗುರಿ ಒಂದು ಸಂಜೆ, ತುಂಬಿದ ಡೇರೆಯ ಎದುರಿನಲ್ಲಿ, ಕೈಕೊಟ್ಟಿತ್ತು. ಆಮೇಲೆ ಅವಳು ರಿವಾಲ್ವರನ್ನು ಮುಟ್ಟಿರಲಿಲ್ಲ.

ಆ ರಿವಾಲ್ವರ್ ಗಂಡ ತಂದುಕೊಟ್ಟದ್ದು. ಗಂಡ ಅದೇ ಸರ್ಕಸ್ಸಿನ ಮೆಕ್ಯಾನಿಕ್. ಹುಲಿಯ ಬೋನಿನ ಬೀಗದಿಂದ ಹಿಡಿದು ಜೋಕಾಲಿಯ ರಾಟೆಯವರೆಗೆ, ಕೆಮ್ಮುವ ಜನರೇಟರಿನಿಂದ ಹಿಡಿದು ಕುಳ್ಳನ ಮೂರು ಚಕ್ರದ ಸೈಕಲ್ಲಿನವರೆಗೆ ಎಲ್ಲವೂ ಅವನ ಕೈಯಲ್ಲಿ ರಿಪೇರಿಯಾಗುತ್ತಿದ್ದವು. ಮದುವೆಯಾದ ಹೊಸತರಲ್ಲಿ, ಡೇರೆ ಒಂದು ಬಂದರಿನ ಊರಿನಲ್ಲಿ ಬೀಡುಬಿಟ್ಟಿದ್ದಾಗ, ಹಡಗಿನವನೊಬ್ಬನಿಂದ ಇದನ್ನು ಕೊಂಡು ತಂದಿದ್ದ. ಅದುವರೆಗೆ ಅವಳು ಹಾರಿಸುತ್ತಿದ್ದದ್ದು ಮಾಲೀಕನ ತುಕ್ಕು ಹಿಡಿದ ಪಿಸ್ತೂಲು.

"ನೋಡು, ಅಸಲಿ ಮಾಲು," ಎಂದು ಜಗತ್ತೆಲ್ಲ ಬಲ್ಲ ಕಂಪನಿಯೊಂದರ ಹೆಸರು ಹೇಳಿ, ನಳಿಕೆಯ ಮೇಲೆ ಕೆತ್ತಿದ್ದ ಅಕ್ಷರಗಳನ್ನು ಅವಳ ಬೆರಳಿನಿಂದಲೇ ಸವರಿಸಿದ್ದ. "ನಿನ್ನಂಥ ಕೈಗೆ ಇಂಥದ್ದೇ ಬೇಕು."

ಆ ಅಸಲಿ ಮಾಲು ಬಲಕ್ಕೆ ಎಳೆಯುತ್ತದೆ ಎನ್ನುವುದು ಅವಳಿಗೆ ಮೊದಲ ವಾರದಲ್ಲೇ ತಿಳಿದುಹೋಯಿತು. ನೇರಕ್ಕೆ ಹಿಡಿದರೆ ಗುಂಡು ಒಂದು ಕೂದಲೆಳೆ ಬಲಕ್ಕೆ ಹೋಗಿ ಬೀಳುತ್ತಿತ್ತು. ಹೇಳೋಣವೆಂದರೆ ಬಾಯಿ ಬರಲಿಲ್ಲ. ಅವನು ಕಂಡಕಂಡವರಿಗೆಲ್ಲ ಅದನ್ನು ತೋರಿಸಿ ಬೀಗುತ್ತಿದ್ದ. ಆನೆಯ ಮಾವುತನಿಗೆ ಎರಡೆರಡು ಸಲ ತೋರಿಸಿದ್ದ. ಅವಳು ಸುಮ್ಮನೆ ಒಂದು ಕೂದಲೆಳೆ ಎಡಕ್ಕೆ ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡಳು. ಕ್ರಮೇಣ ಅದು ಉಸಿರಾಟದ ಹಾಗೆ ತನ್ನಷ್ಟಕ್ಕೆ ಆಗತೊಡಗಿತು.

ಆಟದಲ್ಲಿ ಅವಳ ಎದುರು ನಿಲ್ಲುತ್ತಿದ್ದವನೂ ಅವನೇ. ಎಡಗಿವಿಯ ಪಕ್ಕಕ್ಕೆ ಒಂದು ಇಸ್ಪೀಟೆಲೆ ಹಿಡಿದು, ಫೋಟೋ ತೆಗೆಸಿಕೊಳ್ಳುವವನ ಹಾಗೆ ಮುಗುಳ್ನಗುತ್ತ ನಿಲ್ಲುತ್ತಿದ್ದ. ಅವಳು ಹೊಡೆದರೆ ಎಲೆಯ ನಡುವಿನ ಚಿಹ್ನೆ ಹಾರಿಹೋಗುತ್ತಿತ್ತು. ಜನ ಬೆಂಚಿನ ಮೇಲೆ ಹತ್ತಿ ಚಪ್ಪಾಳೆ ತಟ್ಟುತ್ತಿದ್ದರು.

ಹೊಸ ಊರಿಗೆ ಬಂದಿಳಿದ ಒಂದು ದಿನ ಲಾರಿಗಳು ತಡವಾದವು. ಡೇರೆ ಏಳುವಷ್ಟರಲ್ಲಿ ಟಿಕೆಟ್ಟಿನ ಸಾಲು ಬೆಳೆದಿತ್ತು, ದಿನದ ಅಭ್ಯಾಸಕ್ಕೆ ಪುರಸೊತ್ತೇ ಸಿಗಲಿಲ್ಲ. ಎಣ್ಣೆ ಹಾಕುತ್ತೇನೆಂದು ರಿವಾಲ್ವರ್ ಒಯ್ದಿದ್ದ ಗಂಡ ಆಟಕ್ಕೆ ಸ್ವಲ್ಪ ಮುಂಚೆ ತಂದುಕೊಟ್ಟ. ಅವಳು ಎಂದಿನ ಹಾಗೆ ಹಿಡಿದಳು, ಎಂದಿನ ಹಾಗೆ ಹೊಡೆದಳು. ಎಲೆ ಅಲ್ಲಾಡಲಿಲ್ಲ. ಅವನ ಎಡಗಿವಿಯ ಅಂಚು ಹಾರಿಹೋಗಿ ಅಂಗಿಯ ಕಾಲರು ಕೆಂಪಾಯಿತು.

"ಏನೂ ಆಗಿಲ್ಲ, ಏನೂ ಆಗಿಲ್ಲ," ಎನ್ನುತ್ತ ಅವನು ಜನರ ಕಡೆ ಕೈಬೀಸಿದ. ಒಳಗೆ ಬಂದ ಮೇಲೆ ಅವಳಿಗೆ ಹೇಳಿದ: "ನಾನೇ ಅಲ್ಲಾಡಿದೆ ಕಣೇ. ಸೊಳ್ಳೆ ಕಚ್ತು."

ಅವನು ಅಲ್ಲಾಡುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ತನ್ನ ಮೇಲಿನ ಅಕ್ಕರೆಗೆ ಹಾಗೆ ಹೇಳುತ್ತಿದ್ದಾನೆ ಎಂದುಕೊಂಡಳು. ನನ್ನ ಕಣ್ಣು ಹೋಯಿತು, ನನ್ನ ಕೈ ಹೋಯಿತು ಎಂದು ಅಂದೇ ರಿವಾಲ್ವರನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. ಅವನು ಬೇಡಿಕೊಂಡ, ರೇಗಿದ, ಮುನಿದ, ಅವಳು ಜಗ್ಗಲಿಲ್ಲ. ಕೊನೆಗೆ ಇಬ್ಬರೂ ಸರ್ಕಸ್ ಬಿಟ್ಟು ಪೇಟೆಯಲ್ಲಿ ಬೀಗ ರಿಪೇರಿಯ ಸಣ್ಣ ಅಂಗಡಿ ಇಟ್ಟರು. ಅವಳು ಕೀಲಿಕೈ ಎತ್ತಿಕೊಡುತ್ತಿದ್ದಳೇ ಹೊರತು ಸೂಕ್ಷ್ಮದ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಯಾರ ಮಗುವನ್ನೂ ಎತ್ತಿಕೊಳ್ಳುತ್ತಿರಲಿಲ್ಲ. "ಈ ಕೈ ನಂಬೋ ಹಾಗಿಲ್ಲಮ್ಮ," ಎನ್ನುತ್ತಿದ್ದಳು. ಗಂಡ ತೀರಿಕೊಳ್ಳುವವರೆಗೂ "ನಾನೇ ಅಲ್ಲಾಡಿದೆ" ಎಂಬ ತನ್ನ ಮಾತನ್ನು ಬಿಡಲಿಲ್ಲ.

ಈಗ ಅವಳಿಗೆ ನೆರಳಿನ ಹಾಗೆ ಇರುವವಳು ತಂಗಿಯ ಮಗಳು. ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ಹೆಂಗಸು. ದಿನವಿಡೀ "ಬ್ರೇಕ್ ಹಾಕಿ, ಕ್ಲಚ್ ಬಿಡಿ" ಎಂದು ಕೂಗಿ ಕೂಗಿ ಮನೆಯಲ್ಲೂ ಆ ಧಾಟಿ ಇಳಿಯುತ್ತಿರಲಿಲ್ಲ. ರಿವಾಲ್ವರಿನ ಲೈಸೆನ್ಸ್ ನವೀಕರಿಸುವ ಕಾಲ ಬಂತೆಂದರೆ ಸಾಕು, ಅವಳ ಗೊಣಗಾಟ ಶುರುವಾಗುತ್ತಿತ್ತು.

"ದೊಡ್ಡಮ್ಮಾ, ಇದನ್ನ ಇಟ್ಕೊಂಡು ಏನ್ ಮಾಡ್ತೀಯಾ? ಜಿರಳೆ ಹೊಡೀತೀಯಾ?"

"ಇರ್ಲಿ ಬಿಡೇ. ನಿಮ್ಮ ದೊಡ್ಡಪ್ಪ ಕೊಟ್ಟಿದ್ದು."

"ಕೊಟ್ಟಿದ್ದು ಅವರು, ಪ್ರತಿ ಸಲ ನಿನ್ನನ್ನ ಠಾಣೆ ಮೆಟ್ಟಿಲು ಹತ್ತಿಸೋದು ನಾನು. ನಿನ್ನ ಮಂಡಿ ಬೈಯೋದು ನನ್ನನ್ನ."

ಮಂಡಿಯ ಮಾತು ಸುಳ್ಳಲ್ಲ. ಹಾಗಾಗಿ ಈ ಸಲ ಗುರಿಗಾತಿಯೇ ಒಂದು ತೀರ್ಮಾನಕ್ಕೆ ಬಂದಳು. "ಮ್ಯೂಸಿಯಮ್ಮಿಗೆ ಕೊಟ್ಬಿಡೋಣ. ಅಸಲಿ ಮಾಲು, ಬೇಡ ಅನ್ನಲ್ಲ ಅವರು. ಗಾಜಿನ ಪೆಟ್ಟಿಗೇಲಿ ಮರ್ಯಾದೆಯಿಂದ ಇರ್ಲಿ."

ಮ್ಯೂಸಿಯಮ್ಮಿನ ಆಯುಧ ವಿಭಾಗ ನೆಲಮಾಳಿಗೆಯಲ್ಲಿತ್ತು. ಬಾಗಿಲು ತೆರೆದೊಡನೆ ಯಂತ್ರದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಗಂಡನ ಅಂಗಿಗಳ ವಾಸನೆ ಅದು. ಅವಳು ಹೊಸ್ತಿಲಲ್ಲೇ ಸ್ವಲ್ಪ ಹೊತ್ತು ನಿಂತಳು; ತಂಗಿಯ ಮಗಳು ಮಂಡಿನೋವು ಎಂದುಕೊಂಡು ತೋಳು ಹಿಡಿದಳು.

ಅಲ್ಲಿದ್ದ ಪರೀಕ್ಷಕಿ ಗಿಡ್ಡ ಕೂದಲಿನ, ನೆಗಡಿಯಿಂದ ಮೂಗು ಕೆಂಪಗಾದ ನಡುವಯಸ್ಸಿನವಳು. ತೋಳಿನ ಮಡಿಕೆಯಲ್ಲಿ ಕರವಸ್ತ್ರ ಸಿಕ್ಕಿಸಿಕೊಂಡಿದ್ದಳು. ಸುತ್ತಿದ ಬಟ್ಟೆಯನ್ನು ನಿಧಾನವಾಗಿ ಬಿಡಿಸಿ, ಗುಂಡಿಲ್ಲವೆಂದು ಖಾತ್ರಿಮಾಡಿಕೊಂಡು, ರಿವಾಲ್ವರಿನೊಡನೆಯೇ ಮಾತಿಗೆ ಶುರುವಿಟ್ಟಳು. "ಬಾರಪ್ಪ, ಎಲ್ಲಿಂದ ಬಂದೆ ನೀನು?"

"ಬಂದರಿನಿಂದ," ಎಂದಳು ಗುರಿಗಾತಿ. ಕಂಪನಿಯ ಹೆಸರನ್ನೂ ಗಂಡ ಹೇಳುತ್ತಿದ್ದ ಗತ್ತಿನಲ್ಲೇ ಹೇಳಿದಳು.

ಪರೀಕ್ಷಕಿ ಹೂಂ ಎಂದಳು. ದೀಪ ಹತ್ತಿರಕ್ಕೆ ಎಳೆದುಕೊಂಡು ಭೂತಗನ್ನಡಿ ಹಿಡಿದು ನಳಿಕೆಯನ್ನು ಓದಿದಳು. ಹಿಡಿಯ ಮೇಲಿನ ಪುಟ್ಟ ಬಿಲ್ಲೆಯನ್ನು ನೋಡಿದಳು. ಗುಂಡು ತುಂಬುವ ಉರುಳೆಯನ್ನು ಹೊರಗೆ ಸರಿಸಿ ತಿರುಗಿಸಿ, ಅದರ ಸದ್ದಿಗೆ ಕಿವಿಗೊಟ್ಟಳು. ಮರದ ಹಿಡಿಯ ಸ್ಕ್ರೂಡ್ರೈವರ್ ತಂದು ಪಕ್ಕದ ಮುಚ್ಚಳ ತೆಗೆದು ಒಳಗಿನ ಸ್ಪ್ರಿಂಗಿನ ಮೇಲೆ ಬೆಳಕು ಬಿಟ್ಟಳು. ನಡುವೆ ನಾಲ್ಕು ಸೀನು ಸೀನಿದಳು. ಅವಳ ಮುಖ, ಒಳ್ಳೆಯ ಸುದ್ದಿ ಇಲ್ಲದ ಡಾಕ್ಟರರ ಮುಖದ ಹಾಗಾಗುತ್ತ ಬಂದದ್ದು ಗುರಿಗಾತಿಗೆ ಕಾಣಿಸಿತು.

"ಅಮ್ಮಾ, ಒಂದು ಮಾತು ಹೇಳ್ತೀನಿ. ಬೇಜಾರು ಮಾಡ್ಕೋಬಾರ್ದು."

"ಹೇಳಿ."

"ಇದು ಆ ಕಂಪನಿ ಮಾಡಿದ್ದಲ್ಲ. ಬೇರೆ ದೇಶದಲ್ಲಿ ಅದನ್ನ ನೋಡ್ಕೊಂಡು ಮಾಡಿದ ನಕಲು."

ತಂಗಿಯ ಮಗಳು ಏನೋ ಹೇಳಲು ಬಾಯಿ ತೆರೆದವಳು, ಗುರಿಗಾತಿಯ ಮುಖ ನೋಡಿ ಹಾಗೇ ಮುಚ್ಚಿದಳು. ಅದು ಅಪರೂಪದ ಸಂಗತಿ.

"ಹೆಸರು ಇದೆಯಲ್ಲ ಅದರ ಮೇಲೆ," ಎಂದಳು ಗುರಿಗಾತಿ.

ಪರೀಕ್ಷಕಿ ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟು ಕುರ್ಚಿಯನ್ನು ಹತ್ತಿರ ಎಳೆದಳು. "ದಪ್ಪ ಅಕ್ಷರದಲ್ಲಿ ಹೆಸರಿದೆ. ಅದರ ಹಿಂದೆಮುಂದೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ ಇವೆ ನೋಡಿ. 'ಈ ಕಂಪನಿಯ ಗುಂಡುಗಳು ಇದಕ್ಕೆ ಹೊಂದುತ್ತವೆ' ಅಂತ ಅಷ್ಟೇ ಬರೆದಿದ್ದಾರೆ. ಸುಳ್ಳು ಹೇಳಿದ ಹಾಗೂ ಆಗಬಾರದು, ಕೊಳ್ಳೋರ ಕಣ್ಣಿಗೆ ಬೀಳೋದೂ ಹೆಸರೇ ಆಗಬೇಕು."

"ಜಾಣರು ಕಣ್ರೀ," ಎಂದಳು ತಂಗಿಯ ಮಗಳು.

"ಬಿಲ್ಲೆ ಮೇಲೂ ಅಷ್ಟೇ. ದೂರದಿಂದ ಅವರದೇ ಹೆಣೆದ ಅಕ್ಷರ ಅನ್ಸುತ್ತೆ, ಹತ್ತಿರದಿಂದ ನೋಡಿದ್ರೆ ಬೇರೆ. ನಳಿಕೆ ಅಡಿಯಲ್ಲಿ ಪುಟ್ಟ ಮುದ್ರೆ ಇದೆಯಲ್ಲ, ಆ ದೇಶದಲ್ಲಿ ಹೊಸ ಬಂದೂಕನ್ನ ಹೊಡೆದು ಪರೀಕ್ಷೆ ಮಾಡಿ ಒತ್ತೋ ಮುದ್ರೆ ಅದು. ಅಸಲಿಯಲ್ಲಿ ಹಿಡಿ ಮೇಲಿನ ನಂಬರೇ ಉರುಳೆ ಮೇಲೂ ಇರುತ್ತೆ. ಇದರಲ್ಲಿ ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಇನ್ನು ಅಸಲಿಯ ಒಳಗಿನ ಕೆಲಸ ಹೊರಗಿನಷ್ಟೇ ನುಣುಪು. ಇಲ್ಲಿ ಹೊರಗೆ ಥಳಕು, ಒಳಗೆ ಒರಟು."

ಗುರಿಗಾತಿ ಭೂತಗನ್ನಡಿ ಕೆಳಗಿಟ್ಟಳು. ಅವಳಿಗೆ ರಿವಾಲ್ವರಿನ ಚಿಂತೆ ಹುಟ್ಟಲಿಲ್ಲ. ಹಡಗಿನವನ ಎದುರು ನಿಂತು, ಕೈಲಿದ್ದದ್ದೆಲ್ಲ ಕೊಟ್ಟು, ಮಗುವಿನ ಹಾಗೆ ನಂಬಿ ಬಂದ ಗಂಡ ಕಣ್ಣಿಗೆ ಕಟ್ಟಿದ. ಇಡೀ ಡೇರೆಗೇ ಅದನ್ನು ತೋರಿಸಿಕೊಂಡು ತಿರುಗಿದ್ದ ಅವನು! ಯಾರೂ ಅವನನ್ನು ನೋಡಿ ನಗಬಾರದು ಎನಿಸಿತು.

"ಅವರಿಗೆ ಗೊತ್ತಿರ್ಲಿಲ್ಲ," ಎಂದಳು ಬಿರುಸಾಗಿ. "ಮೋಸಗಾರರಲ್ಲ ಅವರು."

"ಅಯ್ಯೋ, ನಾನು ಹಾಗಂದ್ನಾ? ಆ ಕಾಲದಲ್ಲಿ ಎಂಥೆಂಥವರೋ ಇದಕ್ಕೆ ಮರುಳಾಗಿದ್ದಾರಮ್ಮ."

ಗುರಿಗಾತಿ ಸ್ವಲ್ಪ ತಣ್ಣಗಾದಳು. ತನಗೆ ತಾನೇ ಹೇಳಿಕೊಳ್ಳುವ ಹಾಗೆ ಗೊಣಗಿದಳು: "ನಕಲಿ ಆದ್ದರಿಂದಲೇ ಬಲಕ್ಕೆ ಎಳೀತಿತ್ತೋ ಏನೋ."

ಮುಚ್ಚಳಕ್ಕೆ ಸ್ಕ್ರೂ ಹಾಕುತ್ತಿದ್ದ ಪರೀಕ್ಷಕಿ ತಲೆಯೆತ್ತಿದಳು. "ಬಲಕ್ಕಾ? ಇದು ಎಳೆಯೋ ಹಾಗಿಲ್ವಲ್ಲ."

"ನಾನು ಹೊಡೆದವಳು ಕಣಮ್ಮ. ನನಗೆ ಗೊತ್ತಿಲ್ವಾ?"

ಪರೀಕ್ಷಕಿ ರಿವಾಲ್ವರನ್ನು ಮೇಜಿಗೆ ಜೋಡಿಸಿದ್ದ ಹಿಡಿಕಟ್ಟಿನ ಬಾಯಿಗೆ ಸಿಕ್ಕಿಸಿ, ನಳಿಕೆಯ ತುದಿಯಲ್ಲಿ ಗುರಿ ನೋಡಲೆಂದು ನಿಲ್ಲಿಸಿದ್ದ ಪುಟ್ಟ ಮೊನೆಯ ಮೇಲೆ ದೀಪ ತಿರುಗಿಸಿದಳು. ಹತ್ತಿಯಿಂದ ಒರೆಸಿದಳು. ಕಪ್ಪು ಕದಡಿ ಒಳಗಿನಿಂದ ಹಳದಿ ಇಣುಕಿತು.

"ಓಹೋ," ಎಂದಳು. ನೆಗಡಿ ಮರೆತುಹೋದವಳ ಹಾಗೆ ಬಗ್ಗಿ ನೋಡುತ್ತ ಮಾತಾಡಿದಳು. "ಗುರಿಮೊನೆ ಉಕ್ಕಿಂದಲ್ಲ, ಹಿತ್ತಾಳೇದು. ಕಾರ್ಖಾನೆಯಲ್ಲಿ ಕೂರಿಸಿದ್ದಲ್ಲ ಇದು, ಆಮೇಲೆ ಯಾರೋ ಮಾಡಿ ಹಾಕಿದ್ದಾರೆ. ಇಲ್ಲಿ ನೋಡಿ, ಮೊನೆ ಕೂರಿಸೋಕೆ ಕಾರ್ಖಾನೆಯವರು ಕೊರೆದ ಕಚ್ಚು ಎಡಕ್ಕೆ ಓರೆಯಾಗಿದೆ. ಅವರು ಕೂರಿಸಿದ್ದ ಮೊನೆ ಎಡಕ್ಕಿದ್ದಿರಬೇಕು. ಮೊನೆ ಎಡಕ್ಕಿದ್ರೆ ಗುಂಡು ಬಲಕ್ಕೆ ಹೋಗುತ್ತೆ. ನೀವು ಹೇಳಿದ್ದು ಸರೀನೇ ಅಮ್ಮ, ಮೊದಲು ಬಲಕ್ಕೇ ಎಳೀತಿತ್ತು. ಆಮೇಲೆ ಯಾರೋ ಹಳೇ ಕಚ್ಚು ತುಂಬಿಸಿ, ಸರಿಯಾಗಿ ನಡುವಿಗೆ ಹೊಸದನ್ನ ಕೂರಿಸಿದ್ದಾರೆ. ಗೊತ್ತಾಗಬಾರದು ಅಂತ ಮಸಿ ಹಾಕಿ ಕಪ್ಪು ಮಾಡಿದ್ದಾರೆ."

"ಯಾರು?" ಎಂದು ಕೇಳಿದವಳು ತಂಗಿಯ ಮಗಳು.

"ಬಂದೂಕಿನ ಕಸುಬಿನವರ ಕೆಲಸ ಅಲ್ಲ. ಬುಡದಲ್ಲಿ ಹಲ್ಲಿನ ಗುರುತು ಉಳಿದಿದೆ. ಯಾವುದೋ ದೊಡ್ಡ ಬೀಗದ ಕೀಲಿಕೈ ಕತ್ತರಿಸಿ ಮಾಡಿದ್ದು. ಆದ್ರೆ ಎಷ್ಟು ಚೆನ್ನಾಗಿ ಮಾಡಿದ್ದಾನೆ! ಅರ ಉಜ್ಜಿದ ಗೆರೆಗಳು ಎಲ್ಲರದೂ ಈ ಕಡೆ ವಾಲಿರ್ತವೆ, ಇವು ಆ ಕಡೆ ವಾಲಿವೆ. ಮಾಡಿದೋನು ಎಡಚ ಇರಬೇಕು."

ಎಡಗೈಯಲ್ಲಿ ಅರ ಹಿಡಿದು, ನಾಲಿಗೆಯ ತುದಿ ಹೊರಚಾಚಿ, ಬೋನಿನ ನೆರಳಿನಲ್ಲಿ ಕೂತು ಕೆಲಸ ಮಾಡುತ್ತಿದ್ದ ಗಂಡ ಗುರಿಗಾತಿಯ ಕಣ್ಣೆದುರು ಬಂದು ಕೂತ. ಎಣ್ಣೆ ಹಾಕುತ್ತೇನೆ ಎಂದಿದ್ದ. ರಿವಾಲ್ವರ್ ಕೈಗಿತ್ತಾಗ ಕಳ್ಳನಗು ನಕ್ಕಿದ್ದ. ಅದು ತನ್ನ ಹೊಸ ಅಂಗಿ ನೋಡಿ ಎಂದುಕೊಂಡಿದ್ದಳು ಅವಳು.

"ದೊಡ್ಡಮ್ಮಾ?"

"ಅವರೇ," ಎಂದಳು. "ನಿಮ್ಮ ದೊಡ್ಡಪ್ಪಾನೇ ಕಣೇ. ಅವರಿಗೂ ಗೊತ್ತಾಗಿತ್ತು. ಓರೆ ಇದೆ ಅಂತ ಗೊತ್ತಾಗಿ, ನನಗೆ ಹೇಳ್ದೆ ಸರಿ ಮಾಡಿಬಿಟ್ಟಿದ್ರು. ನಾನು ಅವರಿಗೆ ಹೇಳ್ದೆ ಎಡಕ್ಕೆ ಹಿಡೀತಿದ್ದೆ. ಆವತ್ತು ರಿವಾಲ್ವರ್ ನೆಟ್ಟಗಿತ್ತು, ನಾನು ಓರೆಗೆ ಹಿಡಿದೆ."

ತಂಗಿಯ ಮಗಳಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಅರ್ಥವಾದದ್ದೇ ಬಾಯಿಗೆ ಕೈ ಹಿಡಿದಳು. ಪರೀಕ್ಷಕಿಗೆ ಕಿವಿಯ ಕಥೆಯನ್ನು ಅವಳೇ ಹೇಳಬೇಕಾಯಿತು.

ಕೇಳಿಸಿಕೊಂಡ ಪರೀಕ್ಷಕಿ ಎದ್ದು ಗೋಡೆಯ ಮೇಲೊಂದು ಚಿಕ್ಕ ಚೀಟಿ ಅಂಟಿಸಿದಳು. ಖಾಲಿ ರಿವಾಲ್ವರನ್ನು ಹಿಡಿಕಟ್ಟಿನಿಂದ ಬಿಡಿಸಿ ಮುದುಕಿಯ ಕೈಗಿಟ್ಟಳು. "ಒಂದ್ಸಲ ಆವತ್ತಿನ ಹಾಗೇ ಹಿಡಿದು ತೋರಿಸ್ತೀರಾ?"

ಗುರಿಗಾತಿ ಹಿಂಜರಿದಳು. ಆಮೇಲೆ ಎದ್ದು ನಿಂತಳು. ಕೈ ತಾನಾಗಿಯೇ ಎದ್ದಿತು. ಮಣಿಕಟ್ಟು ಮರೆತಿರಲಿಲ್ಲ. ಮೊನೆ ಚೀಟಿಯ ನಡುವಿಗೆ ಹೋಗಿ, ಅಲ್ಲಿಂದ ಒಂದು ಕೂದಲೆಳೆ ಎಡಕ್ಕೆ ಸರಿದು ನಿಂತಿತು. ಅವಳ ಭುಜದ ಹಿಂದಿನಿಂದ ಬಗ್ಗಿ ನೋಡುತ್ತಿದ್ದ ಪರೀಕ್ಷಕಿ, "ಚೀಟಿ ಬಿಟ್ಟು ಎಡಕ್ಕೆ ಹಿಡಿದಿದ್ದೀರಿ," ಎಂದಳು ಮೆಲ್ಲಗೆ. "ಎಲೆಯ ಆ ಕಡೆ ಏನಿತ್ತು?"

"ಅವರ ಕಿವಿ."

"ಹಾಗಿದ್ರೆ ನೀವು ಎಲ್ಲಿಗೆ ಹಿಡಿದ್ರೋ ಸರಿಯಾಗಿ ಅಲ್ಲಿಗೇ ಹೊಡೆದಿದ್ದೀರಿ. ನಿಮ್ಮ ಗುರಿ ತಪ್ಪಿರಲಿಲ್ಲ ಅಮ್ಮ."

ಗುರಿಗಾತಿ ಕೂತಳು. ಮೊದಲು ಬಂದದ್ದು ಸಿಟ್ಟು. "ಹೇಳಿದ್ರೆ ಇವರ ನಾಲಿಗೆ ಸವೀತಿತ್ತಾ? 'ನೋಡೇ, ಹಡಗಿನವನು ಟೋಪಿ ಹಾಕಿದ, ಸರಿ ಮಾಡಿದ್ದೀನಿ' ಅಂದಿದ್ರೆ ನಾನೇನು ನಗ್ತಿದ್ನಾ?" ಎಂದು ಮೇಜಿನ ಮೇಲೆ ಗುದ್ದಿದಳು. ಗುದ್ದಿದ ಕೈಯನ್ನೇ ನೋಡಿಕೊಂಡಳು. "ನಾನಾದ್ರೂ ಎಲ್ಲಿ ಹೇಳ್ದೆ!" ಎಂದಳು ಆಮೇಲೆ. ಅಲ್ಲಿಂದ ಮುಂದಕ್ಕೆ ನಗುವೋ ಅಳುವೋ ತಿಳಿಯದ ಹಾಗಾಯಿತು. "ಸೊಳ್ಳೆಯಂತೆ, ಸೊಳ್ಳೆ! ಪಾಪ, ತಾನೇ ನಿಜವಾಗ್ಲೂ ಅಲ್ಲಾಡಿದೆ ಅಂದ್ಕೊಂಡಿದ್ರೋ ಏನೋ. ಅಷ್ಟು ನೆಟ್ಟಗೆ ಮಾಡಿಕೊಟ್ಟ ಮೇಲೆ ನಾನು ತಪ್ಪೋಕೆ ಸಾಧ್ಯಾನೇ ಇಲ್ಲ ಅಂತ ನಂಬಿದ್ರು ಅವರು."

ಪರೀಕ್ಷಕಿ ತೋಳಿನಿಂದ ಕರವಸ್ತ್ರ ತೆಗೆದು ಕೊಡಲು ಹೋದವಳು, ತನ್ನ ನೆಗಡಿ ನೆನಪಾಗಿ ಹಿಂದಕ್ಕೆ ಎಳೆದುಕೊಂಡಳು. ಗುರಿಗಾತಿಗೆ ಅಳುವಿನ ನಡುವೆಯೇ ಫಕ್ಕನೆ ನಗು ಬಂತು.

"ದೊಡ್ಡಮ್ಮಾ," ಎಂದಳು ತಂಗಿಯ ಮಗಳು. ಕಾರು ಕಲಿಸುವ ಧಾಟಿ ಎಲ್ಲೋ ಹೋಗಿತ್ತು. "ನಾನು ಚಿಕ್ಕವಳಿದ್ದಾಗ ನೀನು ನನ್ನ ಎತ್ಕೊಳ್ತಾನೇ ಇರ್ಲಿಲ್ಲ. ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ ನಾನು. ಇದಕ್ಕೇನಾ?"

"ಬೀಳಿಸಿಬಿಟ್ರೆ ಅಂತ ಕಣೇ. ನಿನ್ನ ಕಂಡ್ರೆ ಪ್ರಾಣ." ಅವಳು ಕೈಚಾಚಿ, ಮೂಗು ಒರೆಸಿಕೊಳ್ಳುತ್ತಿದ್ದ ಆ ದಪ್ಪ ತಂಗಿಮಗಳ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. "ಈಗ ಎತ್ಕೋ ಅಂದ್ರೆ ಮಂಡಿ ಬಿಡಬೇಕಲ್ಲ."

ಹಿಂದಿರುಗುವ ಮುನ್ನ ಗುರಿಗಾತಿ ಕೇಳಿದಳು: "ನಕಲಿ ಅಂದ್ಮೇಲೆ ನಿಮಗೆ ಬೇಡ ಅಲ್ವಾ?"

"ಅಸಲಿ ನಮ್ಮಲ್ಲಿ ಒಂದು ಬೀರು ತುಂಬ ಬಿದ್ದಿವೆ ಅಮ್ಮ. ಇಂಥದ್ದು ಒಂದೂ ಇಲ್ಲ. ಇದು ನನಗೆ ಬೇಕು. ಚೀಟಿ ಮೇಲೆ ಏನಂತ ಬರೀಲಿ?"

ಗುರಿಗಾತಿ ಯೋಚಿಸಿದಳು. "ನಕಲಿ ಅಂತಾನೇ ಬರೀರಿ, ಸುಳ್ಳು ಬೇಡ. ಆದ್ರೆ ಗುರಿಮೊನೆ ಮಾಡಿದ್ದು ಯಾರು ಅಂತಾನೂ ಬರೀರಿ. ಇವರು ಪೂರ್ತಿ ನಕಲಿ ಮಾಲು ತಂದ್ರು ಅಂತ ಆಗಬಾರದು."

ಮನೆಗೆ ಹೋಗುವ ದಾರಿಯಲ್ಲಿ ಅವಳು ಕಾರಿನಲ್ಲಿ ಗಂಡನ ಮಾತೇ ಆಡಿದಳು. ಹುಲಿಯ ಬೋನಿನ ಬೀಗ ಕೆಟ್ಟು ಅವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತದ್ದು, ಕುಳ್ಳನ ಸೈಕಲ್ಲಿಗೆ ಲಾರಿಯ ಹಾರ್ನು ಕೂರಿಸಿ ಮಾಲೀಕನಿಂದ ಬೈಸಿಕೊಂಡದ್ದು. ಇಷ್ಟು ವರ್ಷ ಗಂಡನ ನೆನಪು ತೆಗೆದರೆ ಮೊದಲು ಆ ಕೆಂಪಾದ ಕಾಲರೇ ಎದುರಾಗುತ್ತಿತ್ತು. ಅಲ್ಲಿಗೆ ಮಾತು ನಿಂತುಬಿಡುತ್ತಿತ್ತು. ಈಗ ದಾರಿ ಸಲೀಸಾಗಿತ್ತು. ಮನೆ ಬಂದರೂ ತಂಗಿಯ ಮಗಳು ಎಂಜಿನ್ ಆರಿಸಿ ಕೇಳುತ್ತ ಕೂತಳು.

ರಿವಾಲ್ವರನ್ನು ಪ್ರದರ್ಶನಕ್ಕಿಟ್ಟಿದ್ದೇವೆಂದು ಫೋನು ಬಂದಾಗ ಇಬ್ಬರೂ ಮತ್ತೆ ಹೋದರು. ಗಾಜಿನ ಪೆಟ್ಟಿಗೆಯೊಳಗೆ ಅದು ಅಸಲಿಯೊಂದರ ಪಕ್ಕದಲ್ಲೇ ಮಲಗಿತ್ತು. ಪರೀಕ್ಷಕಿ ಮಸಿಯನ್ನು ಪೂರ್ತಿ ತೆಗೆದಿರಲಿಲ್ಲ. ಒಂದು ಬದಿಯಷ್ಟೇ ಒರೆಸಿ ಹಿತ್ತಾಳೆ ಕಾಣುವ ಹಾಗೆ ಬಿಟ್ಟಿದ್ದಳು. ಕೆಳಗಿನ ಚೀಟಿಯಲ್ಲಿ, "ವಿದೇಶಿ ನಕಲು. ಗುರಿಮೊನೆಯನ್ನು ಸರ್ಕಸ್ಸಿನ ಮೆಕ್ಯಾನಿಕ್ ಒಬ್ಬ ತನ್ನ ಹೆಂಡತಿಗಾಗಿ ಕೀಲಿಕೈಯಿಂದ ಮಾಡಿದ್ದು," ಎಂದಿತ್ತು.

ಟೋಪಿ ಹಾಕಿಕೊಂಡ ಒಬ್ಬ ತರುಣ ಬಂದು ಬಗ್ಗಿ, ಮೊದಲ ಎರಡು ಪದ ಓದಿ, "ನಕಲಿಯಂತೆ," ಎಂದು ತನ್ನ ಜೊತೆಗಾತಿಗೆ ಹೇಳಿ ಮುಂದಕ್ಕೆ ಹೊರಟ. ಗುರಿಗಾತಿ ಅವನ ತೋಳು ಮುಟ್ಟಿದಳು.

"ಅವಸರ ಇಲ್ದಿದ್ರೆ ಸ್ವಲ್ಪ ನಿಲ್ಲಪ್ಪಾ. ಪೂರ್ತಿ ಓದು. ಆ ಹೆಂಡತಿ ನಾನೇ."

ತರುಣ ಟೋಪಿ ತೆಗೆದ. ಜೊತೆಗಾತಿ ಹತ್ತಿರ ಬಂದಳು. ಗುರಿಗಾತಿ ಗಾಜಿನ ಮೇಲೆ ಬೆರಳಿಟ್ಟು, ಬಂದರಿನ ಊರಿನಿಂದ ಶುರುಮಾಡಿದಳು. ಅವಳ ಗಂಟಲು ಡೇರೆಯ ಕೊನೆಯ ಬೆಂಚಿಗೂ ಕೇಳಿಸುವ ಹಾಗೆ ಏರುತ್ತಿದ್ದಂತೆ, ತಂಗಿಯ ಮಗಳು ಕಾರಿನ ಕೀಲಿಯನ್ನು ಚೀಲಕ್ಕೆ ಹಾಕಿ, ಕೂರಲು ಅವಳಿಗೊಂದು ಕುರ್ಚಿ ಹುಡುಕಿಕೊಂಡು ಹೋದಳು.